ಪ್ರಜ್ಞೆ ಅಂದರೆ ಯಾವ ಪ್ರಜ್ಞೆ?

ಕೆಳಗಿನ ವಾಕ್ಯಗಳನ್ನು ಒಮ್ಮೆ ಓದಿ ನೋಡಿ. ಎಲ್ಲವೂ ನಾವು ದಿನಾ ಆಡುವ, ಪೇಪರಿನಲ್ಲಿ ಓದುವ ಮಾತುಗಳೇ.

- ಬಿಸಿಲಿಗೆ ಪ್ರಜ್ಞೆ ತಪ್ಪಿ ಬಿದ್ದುಬಿಟ್ಟ.
- ಚಾಲಕನ ಸಮಯಪ್ರಜ್ಞೆಯಿಂದ ಭಾರೀ ಅನಾಹುತ ತಪ್ಪಿತು.
- ಇವರ ಕಥೆಗಳಲ್ಲಿ ಸಾಮಾಜಿಕ ಪ್ರಜ್ಞೆ ಎದ್ದು ಕಾಣುತ್ತದೆ.
- ಅವನನ್ನು ಪಾಪಪ್ರಜ್ಞೆ ಕಾಡುತ್ತಿದೆ.
- ಕೈ ಅಪ್ರಜ್ಞಾಪೂರ್ವಕವಾಗಿ ಜೇಬಿನ ಕಡೆ ಹೋಯಿತು.

ಐದು ವಾಕ್ಯ, ಐದರಲ್ಲೂ ಪ್ರಜ್ಞೆ ಇದೆ. ಆದರೆ ಒಂದರ ಪ್ರಜ್ಞೆಯನ್ನು ಕಿತ್ತು ಇನ್ನೊಂದರಲ್ಲಿ ಇಡಲು ಆಗುವುದಿಲ್ಲ. ಬಿಸಿಲಿಗೆ ಯಾರ ಸಾಮಾಜಿಕ ಪ್ರಜ್ಞೆಯೂ ತಪ್ಪುವುದಿಲ್ಲ :-) ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಹೊಸದಲ್ಲ. ಒಂದೇ ಹೆಸರಿನಲ್ಲಿ ನಾಲ್ಕಾರು ಫಂಕ್ಷನ್ನುಗಳನ್ನು ಬರೆದಿಡುತ್ತೇವೆ, ಯಾವುದನ್ನು ಕರೆಯಬೇಕು ಅಂತ ಕಂಪೈಲರು ಪಕ್ಕದಲ್ಲಿರುವುದನ್ನು ನೋಡಿ ತೀರ್ಮಾನಿಸುತ್ತದೆ. ಇದಕ್ಕೆ ಓವರ್‌ಲೋಡಿಂಗ್ ಅನ್ನುತ್ತೇವೆ. ಮಾತಿನಲ್ಲೂ ಹಾಗೆಯೇ, 'ಸಮಯ', 'ಪಾಪ', 'ತಪ್ಪಿ' ಎಂಬ ಅಕ್ಕಪಕ್ಕದ ಪದಗಳು ದಾರಿ ತೋರಿಸುತ್ತವೆ. ತೊಂದರೆ ಆಗುವುದು ಪಕ್ಕದಲ್ಲಿ ಏನೂ ಇಲ್ಲದಿದ್ದಾಗ. "ಪ್ರಜ್ಞೆ ಇದೆಯಾ?" ಅಂತ ಬರೀ ಎರಡು ಪದದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳಿದಾಗ.

ಇಂಗ್ಲಿಷಿನ 'ಕಾನ್ಷಿಯಸ್‌ನೆಸ್' ಪದದ್ದೂ ಇದೇ ಹಣೆಬರಹ. ನಮ್ಮ ಪ್ರಜ್ಞೆಗೆ ಈ ಗೋಜಲು ಅರ್ಧ ಬಂದಿದ್ದೇ ಅಲ್ಲಿಂದ. ಹಾಗಾಗಿ ಮೊದಲು ಅದರ ಕಥೆ.

*

ಪದದ ಬೇರು ಲ್ಯಾಟಿನ್ನಿನಲ್ಲಿದೆ. 'ಕಾನ್' ಅಂದರೆ ಜೊತೆಗೆ, 'ಸ್ಕಿರೆ' ಅಂದರೆ ತಿಳಿ. 'ಕಾನ್‌ಸ್ಕಿಯೆಂಟಿಯಾ' ಅಂದರೆ ಇನ್ನೊಬ್ಬನ ಜೊತೆ ಸೇರಿ ಒಂದು ಸಂಗತಿ ತಿಳಿದಿರುವುದು. ರೋಮನ್ನರ ಬಳಕೆಯಲ್ಲಿ ಇದಕ್ಕೆ ಕೋರ್ಟು ಕಚೇರಿಯ ವಾಸನೆ ಇತ್ತು. ಒಬ್ಬನ ಗುಟ್ಟು, ಹೆಚ್ಚಾಗಿ ಒಬ್ಬನ ಅಪರಾಧ, ಮತ್ತೊಬ್ಬನಿಗೂ ಗೊತ್ತಿದೆ ಎಂದರೆ ಆ ಮತ್ತೊಬ್ಬ ಅದರಲ್ಲಿ ಪಾಲುದಾರ, ಇಲ್ಲವೇ ಸಾಕ್ಷಿ. ಆಮೇಲೆ ಆ 'ಮತ್ತೊಬ್ಬ' ನಮ್ಮೊಳಗೇ ಬಂದು ಕೂತ. ನಾನು ಮಾಡಿದ್ದು ಊರಿಗೆ ಗೊತ್ತಿಲ್ಲ, ಆದರೆ ನನಗೆ ಗೊತ್ತಲ್ಲ! ಒಳಗಿನ ಈ ಸಾಕ್ಷಿ ಸಾವಿರ ಸಾಕ್ಷಿಗೆ ಸಮ ಎಂಬ ಗಾದೆಯೂ ಅವರಲ್ಲಿತ್ತು. ನಾವು ಅದನ್ನೇ 'ಮನಸ್ಸಾಕ್ಷಿ' ಅನ್ನುತ್ತೇವೆ. ಲ್ಯಾಟಿನ್ ಓದದ ನಮ್ಮವರೂ ಅದೇ ಸಾಕ್ಷಿಯ ರೂಪಕಕ್ಕೆ ಬಂದು ನಿಂತಿದ್ದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಇಂಗ್ಲಿಷಿಗೆ 'ಕಾನ್ಷಿಯನ್ಸ್' ಬೇಗ ಬಂತು, ಚರ್ಚಿನ ದಾರಿಯಲ್ಲಿ. 'ಕಾನ್ಷಿಯಸ್' ತಡವಾಗಿ ಬಂತು, ಬಂದಾಗ ನಗೆಪಾಟಲಿಗೂ ಈಡಾಯಿತು. ಬೆನ್ ಜಾನ್ಸನ್ ಎಂಬ ನಾಟಕಕಾರ 1601ರಲ್ಲಿ 'ಪೊಯಟಾಸ್ಟರ್' ಎಂಬ ನಾಟಕ ಬರೆದ. ಅದರಲ್ಲಿ ಕ್ರಿಸ್ಪಿನಸ್ ಎಂಬ ಕೆಟ್ಟ ಕವಿಗೆ ವಾಂತಿ ಮಾತ್ರೆ ಕೊಟ್ಟು, ಅವನು ನುಂಗಿದ್ದ ಆಡಂಬರದ ಹೊಸ ಪದಗಳನ್ನೆಲ್ಲ ಒಂದೊಂದಾಗಿ ಕಕ್ಕಿಸುತ್ತಾರೆ. ಆ ವಾಂತಿಯಲ್ಲಿ 'ಕಾನ್ಷಿಯಸ್' ಕೂಡಾ ಇದೆ! ಇವತ್ತು ಜಗತ್ತಿನ ವಿಶ್ವವಿದ್ಯಾಲಯಗಳು ತಲೆ ಕೆಡಿಸಿಕೊಂಡಿರುವ ಪದ ನಾಲ್ಕು ಶತಮಾನಗಳ ಹಿಂದೆ ಪ್ರೇಕ್ಷಕರನ್ನು ನಗಿಸಲು ಸಾಕಾಗುವಷ್ಟು ಕೃತಕವಾಗಿ ಕೇಳುತ್ತಿತ್ತು ಅಂತಾಯಿತು. ಹೊಸ ಕನ್ನಡ ಪದ ಯಾರಾದರೂ ಟಂಕಿಸಿದರೆ ಎಗರಿ ಬೀಳುವ ನಮ್ಮ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಬೇಕು :-)

1651ರಲ್ಲಿ ಥಾಮಸ್ ಹಾಬ್ಸ್ 'ಲೆವಿಯಾಥನ್' ಬರೆಯುವಾಗಲೂ ಹಳೆಯ ಅರ್ಥವೇ ಗಟ್ಟಿಯಾಗಿತ್ತು. ಇಬ್ಬರು ಅಥವಾ ಹೆಚ್ಚು ಜನ ಒಂದೇ ಸಂಗತಿಯನ್ನು ತಿಳಿದಿದ್ದರೆ ಅವರು ಆ ಸಂಗತಿಗೆ ಪರಸ್ಪರ 'ಕಾನ್ಷಿಯಸ್', ಅಂದರೆ ಪರಸ್ಪರ ಸಾಕ್ಷಿಗಳು ಎಂಬ ಅರ್ಥದಲ್ಲಿ ಆತ ವಿವರಿಸುತ್ತಾನೆ. ಒಬ್ಬನೇ ಕೂತು ಕಾನ್ಷಿಯಸ್ ಆಗಿರುವುದು ಇನ್ನೂ ಮಾಮೂಲಿ ಆಗಿರಲಿಲ್ಲ.

ಅದನ್ನು ಮಾಮೂಲಿ ಮಾಡಿದವನು ಜಾನ್ ಲಾಕ್. ಅವನ ದೊಡ್ಡ ಪ್ರಬಂಧದ ಮುಖಪುಟದ ಮೇಲೆ 1690 ಅಂತಿದೆ. ಅದರಲ್ಲಿ ಕಾನ್ಷಿಯಸ್‌ನೆಸ್ ಅಂದರೆ ಮನುಷ್ಯ ತನ್ನದೇ ಮನಸ್ಸಿನಲ್ಲಿ ನಡೆಯುತ್ತಿರುವುದನ್ನು ಗ್ರಹಿಸುವುದು. ಎರಡನೆಯವನು ಬೇಕಾಗಿಲ್ಲ, ಅಪರಾಧವೂ ಬೇಕಾಗಿಲ್ಲ. 1694ರ ಎರಡನೇ ಮುದ್ರಣಕ್ಕೆ ಲಾಕ್ ಒಂದು ಹೊಸ ಅಧ್ಯಾಯ ಸೇರಿಸಿದ. ನಿನ್ನೆಯ ನಾನು ಮತ್ತು ಇವತ್ತಿನ ನಾನು ಒಬ್ಬನೇ ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ದೇಹ ಒಂದೇ ಎಂದಲ್ಲ, ಆತ್ಮ ಒಂದೇ ಎಂದೂ ಅಲ್ಲ, ಕಾನ್ಷಿಯಸ್‌ನೆಸ್ ಅಲ್ಲಿಯವರೆಗೂ ಚಾಚುತ್ತದೆ ಎಂಬ ಕಾರಣಕ್ಕೆ ಅನ್ನುತ್ತಾನೆ ಲಾಕ್. ಒಬ್ಬ ರಾಜಕುಮಾರನ ನೆನಪುಗಳೆಲ್ಲ ಒಬ್ಬ ಚಮ್ಮಾರನ ದೇಹಕ್ಕೆ ಹೋಗಿ ಸೇರಿದರೆ ಆಗ ಆ ದೇಹದಲ್ಲಿರುವವನು ಯಾರು ಎಂಬ ಪ್ರಸಿದ್ಧ ಪ್ರಶ್ನೆ ಆ ಅಧ್ಯಾಯದ್ದೇ. ಕುಡಿದಾಗ ಮಾಡಿದ್ದಕ್ಕೆ ಅಮಲಿಳಿದವನನ್ನು ಶಿಕ್ಷಿಸುವುದು ಹೇಗೆ ಸರಿ ಎಂಬ ಪ್ರಶ್ನೆಯೂ ಅಲ್ಲೇ ಇದೆ. ಗಮನಿಸಿ, ಪದ ಒಳಗೆ ಬಂದರೂ ಕೋರ್ಟಿನ ವಾಸನೆ ಪೂರ್ತಿ ಹೋಗಲಿಲ್ಲ. ಯಾರನ್ನು ಹೊಣೆ ಮಾಡಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಇತ್ತು.

ಲಾಕ್‌ನ ಪುಸ್ತಕವನ್ನು ಪಿಯರ್ ಕೋಸ್ಟ್ ಎಂಬಾತ 1700ರಲ್ಲಿ ಫ್ರೆಂಚಿಗೆ ಅನುವಾದಿಸಿದ. ಪಾಪ, ಸಿಕ್ಕಿಹಾಕಿಕೊಂಡ. ಫ್ರೆಂಚಿನಲ್ಲಿ ಇದ್ದಿದ್ದು ಒಂದೇ ಪದ, 'ಕೋನ್ಸಿಯಾನ್ಸ್'. ಅದರ ಅರ್ಥ ಮನಸ್ಸಾಕ್ಷಿ. ಕೊನೆಗೆ ಅದೇ ಪದದ ನಡುವೆ ಒಂದು ಅಡ್ಡಗೆರೆ ಎಳೆದು 'ಕೋನ್-ಸಿಯಾನ್ಸ್' ಎಂದು ಬರೆದ, ಯಾಕೆ ಹೀಗೆ ಬರೆದೆ ಎಂದು ಅಡಿಟಿಪ್ಪಣಿಯನ್ನೂ ಹಾಕಿದ. ಆ ಅಡ್ಡಗೆರೆ ಉಳಿಯಲಿಲ್ಲ. ಫ್ರೆಂಚರು ಇವತ್ತಿಗೂ ಎರಡೂ ಅರ್ಥಕ್ಕೆ ಒಂದೇ ಪದ ಬಳಸುತ್ತಾರೆ. ಜರ್ಮನ್ನರಿಗೆ 1720ರ ಸುಮಾರಿಗೆ ಕ್ರಿಶ್ಚಿಯನ್ ವೋಲ್ಫ್ ಬೇರೆ ಪದವನ್ನೇ ರೂಢಿಗೆ ತಂದುಕೊಟ್ಟ, ಅದು ಮುಂದೆ 'ಬೆವುಸ್ಟ್‌ಸೈನ್' ಆಯಿತು. ಮನಸ್ಸಾಕ್ಷಿಗೆ ಅವರಲ್ಲಿ ಬೇರೆ ಪದ ಇತ್ತು. ಹೀಗಾಗಿ ಜರ್ಮನ್ನರಿಗೆ ಆ ಒಂದು ಗೊಂದಲ ಇಲ್ಲ.

ಅಲ್ಲಿಂದ ಮುಂದೆ ಪದ ಕವಲೊಡೆಯುತ್ತಾ ಹೋಯಿತು. 1859ರಲ್ಲಿ ಮಾರ್ಕ್ಸ್, ಮನುಷ್ಯರ ಪ್ರಜ್ಞೆ ಅವರ ಬದುಕನ್ನು ರೂಪಿಸುವುದಲ್ಲ, ಅವರ ಸಾಮಾಜಿಕ ಬದುಕೇ ಪ್ರಜ್ಞೆಯನ್ನು ರೂಪಿಸುತ್ತದೆ ಎಂದು ವಾದಿಸಿದ. ವರ್ಗಪ್ರಜ್ಞೆ ಎಂಬ ಮಾತಿನ ಬೇರು ಆ ಸಾಲಿನ ಯೋಚನೆಯಲ್ಲಿದೆ. ದಕ್ಷಿಣ ಆಫ್ರಿಕಾದಲ್ಲಿ ಸ್ಟೀವ್ ಬೀಕೋ 1960ರ ದಶಕದ ಕೊನೆಯಲ್ಲಿ ಕಟ್ಟಿದ ಚಳವಳಿಯ ಹೆಸರೇ ಕಪ್ಪು ಪ್ರಜ್ಞೆ. 'ನಾನು ಕೀಳು' ಎಂದು ನನ್ನೊಳಗೇ ಕೂರಿಸಿದ್ದನ್ನು ನಾನೇ ಕಿತ್ತುಹಾಕುವುದು ಅದರ ತಿರುಳು. 1977ರ ಸೆಪ್ಟೆಂಬರ್ 12ರಂದು ಬೀಕೋ ಪೊಲೀಸ್ ಬಂಧನದಲ್ಲೇ ಸತ್ತರು. ಒಂದು ಪದ ಪ್ರಾಣಕ್ಕೆ ಎರವಾಗುವಷ್ಟು ಭಾರ ಹೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

*

ಈಗ ನಮ್ಮ ಕಡೆ ಬರೋಣ. 

ಲ್ಯಾಟಿನ್ನಿನ 'ಕಾನ್ + ತಿಳಿವು' ಥರವೇ ಕಟ್ಟಿದ ಪದ ಸಂಸ್ಕೃತದಲ್ಲಿ ಯಾವುದು ಹೇಳಿ? 'ಸಂ + ಜ್ಞಾ', ಸಂಜ್ಞೆ. ಆಯುರ್ವೇದದ ಗ್ರಂಥಗಳಲ್ಲಿ ಎಚ್ಚರ ತಪ್ಪುವುದನ್ನು ಹೇಳುವುದು ಸಂಜ್ಞೆ ಹೋಗುವುದು ಅಂತಲೇ. ಚರಕ ಸಂಹಿತೆಯಲ್ಲಿ ಇದಕ್ಕೆ ಮೂರು ಮೆಟ್ಟಿಲು ಇವೆ: ಮದ, ಮೂರ್ಛೆ, ಸಂನ್ಯಾಸ. ಮೊದಲೆರಡು ವೇಗ ಇಳಿದಾಗ ತಾವಾಗಿಯೇ ಶಮನವಾಗುತ್ತವೆ, ಮೂರನೆಯದು ಔಷಧಿ ಇಲ್ಲದೆ ಇಳಿಯುವುದಿಲ್ಲ ಎನ್ನುತ್ತದೆ ಚರಕ. ಹೌದು, ಸಂನ್ಯಾಸ. ಇವತ್ತು ಕೋಮಾ ಅನ್ನುತ್ತೇವಲ್ಲ, ಸುಮಾರಾಗಿ ಅದಕ್ಕೆ ಅವರಿಟ್ಟ ಹೆಸರು ಎಲ್ಲವನ್ನೂ ಬಿಟ್ಟು ಹೋಗುವುದರ ಹೆಸರು.

ಈ ಸಂಜ್ಞೆ ಕನ್ನಡಕ್ಕೆ ಬಂದು ಏನಾಯಿತು? ವ್ಯಾಕರಣದಲ್ಲಿ ಪಾರಿಭಾಷಿಕ ಹೆಸರಾಯಿತು, ರಸ್ತೆಯಲ್ಲಿ ಸಂಚಾರ ಸಂಜ್ಞೆ ಆಯಿತು, ತದ್ಭವವಾಗಿ 'ಸನ್ನೆ' ಆಯಿತು. ಕಣ್ಸನ್ನೆ, ಕೈಸನ್ನೆಯ ಸನ್ನೆ. ಈ ಸನ್ನೆಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

'ಪ್ರಜ್ಞೆ'ಯ ಹಳೆಯ ಅರ್ಥ ಎಚ್ಚರ ಅಲ್ಲವೇ ಅಲ್ಲ. ಅದು ವಿವೇಕ, ಒಳನೋಟ. ಗೀತೆಯ ಸ್ಥಿತಪ್ರಜ್ಞ ಅಂದರೆ ಮೂರ್ಛೆ ಹೋಗದವನು ಅಂತಲ್ಲ, ವಿವೇಕ ಅಲುಗಾಡದವನು ಅಂತ. ಬೌದ್ಧರ ಪ್ರಜ್ಞಾಪಾರಮಿತೆಯೂ ಹಾಗೆಯೇ. 'ಪ್ರಾಜ್ಞರು' ಅಂತ ನಾವು ತಿಳಿದವರನ್ನು ಕರೆಯುವುದರಲ್ಲಿ ಆ ಅರ್ಥ ಇನ್ನೂ ಬದುಕಿದೆ. ತಮಾಷೆಯೆಂದರೆ ಮಾಂಡೂಕ್ಯ ಉಪನಿಷತ್ತು ಜಾಗೃತ್, ಸ್ವಪ್ನ, ಸುಷುಪ್ತಿ ಮತ್ತು ನಾಲ್ಕನೆಯದಾದ ತುರೀಯ ಎಂದು ವಿಂಗಡಿಸುತ್ತದಲ್ಲ, ಅದರಲ್ಲಿ 'ಪ್ರಾಜ್ಞ' ಎಂಬ ಹೆಸರು ಸಿಕ್ಕಿರುವುದು ಎಚ್ಚರದ ಸ್ಥಿತಿಗಲ್ಲ, ಕನಸೂ ಇಲ್ಲದ ಗಾಢ ನಿದ್ದೆಯಲ್ಲಿರುವ ಆತ್ಮಕ್ಕೆ! ಗೊರಕೆ ಹೊಡೆಯುತ್ತಿರುವವನು ಉಪನಿಷತ್ತಿನ ಪ್ರಕಾರ ಪ್ರಾಜ್ಞ, ನಮ್ಮ ಕ್ಯಾಶುವಾಲಿಟಿಯ ಪ್ರಕಾರ ಪ್ರಜ್ಞೆ ಇಲ್ಲದವನು.

ಕಾನ್ಷಿಯಸ್‌ನೆಸ್ಸಿನ ಅಷ್ಟೂ ಅರ್ಥಗಳನ್ನು ಪ್ರಜ್ಞೆಯ ತಲೆಗೆ ಕಟ್ಟಿದ್ದು ಇಂಗ್ಲಿಷ್ ಓದಿದ ನಮ್ಮ ತಲೆಮಾರುಗಳು. ನವ್ಯದ ಕಾಲದ ವಿಮರ್ಶೆ ಓದಿದವರಿಗೆ ಗೊತ್ತಿರುತ್ತದೆ, ಪುಟಕ್ಕೆ ನಾಲ್ಕು ಸಲ ಪ್ರಜ್ಞೆ ಬರುತ್ತದೆ. ಅನಂತಮೂರ್ತಿಯವರ ಒಂದು ಪುಸ್ತಕದ ಹೆಸರೇ 'ಪ್ರಜ್ಞೆ ಮತ್ತು ಪರಿಸರ'. ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರದ ಪುಸ್ತಕದಿಂದ ಪ್ರಸಿದ್ಧಗೊಳಿಸಿದ ಮಾತೊಂದು ನಮ್ಮಲ್ಲಿ 'ಪ್ರಜ್ಞಾಪ್ರವಾಹ ತಂತ್ರ' ಆಯಿತು. ಆಮೇಲೆ ದಲಿತ ಪ್ರಜ್ಞೆ, ಸ್ತ್ರೀವಾದಿ ಪ್ರಜ್ಞೆ ಬಂದವು. ಅವೆಲ್ಲ ಕೆಲಸ ಮಾಡಿದ ಪದಗಳು, ನನ್ನ ತಕರಾರಿಲ್ಲ. (ಅಂದಹಾಗೆ ಅದೇ ಕಾಲದಲ್ಲಿ ಅಡಿಗರು ನಡೆಸಿದ ಪತ್ರಿಕೆಯ ಹೆಸರು 'ಸಾಕ್ಷಿ'. ರೋಮನ್ನರು ಕೇಳಿದ್ದರೆ ತಲೆದೂಗುತ್ತಿದ್ದರು.)

'ಚೇತನ'ದ್ದು ಇನ್ನೂ ವಿಚಿತ್ರ ಪ್ರಯಾಣ. ಸಂಸ್ಕೃತದಲ್ಲಿ ಚಿತ್, ಚೇತನ, ಚೈತನ್ಯ ಎಂದರೆ ಅರಿಯುವ ಶಕ್ತಿ. ಕನ್ನಡದಲ್ಲಿ ಚೈತನ್ಯ ಅಂದರೆ ಹುಮ್ಮಸ್ಸು, ಕಸುವು. "ಜ್ವರ ಬಂದು ಚೈತನ್ಯವೇ ಇಲ್ಲ" ಅನ್ನುತ್ತೇವೆ, ಆಮೇಲೆ "ಚೇತರಿಸಿಕೊಂಡ" ಅನ್ನುತ್ತೇವೆ. ಇದೇ ಚೇತನ ಸರ್ಕಾರಿ ಕನ್ನಡದಲ್ಲಿ 'ವಿಕಲಚೇತನ' ಆಗಿದೆ. ಕಾಲಿಗೆ ಪೋಲಿಯೋ ಆದವನ ಚೇತನಕ್ಕೆ ಏನಾಗಿದೆ ಸ್ವಾಮಿ? ಕಾಲು ಸ್ವಾಧೀನದಲ್ಲಿಲ್ಲ, ಅಷ್ಟೇ. 'ಅಂಗವಿಕಲ' ಪದ ನೋಯಿಸುತ್ತದೆ ಅಂತ ಒಳ್ಳೆಯ ಉದ್ದೇಶದಿಂದಲೇ ಮಾಡಿರಬಹುದು, ಆದರೆ ಕೊರತೆಯನ್ನು ದೇಹದಿಂದ ಎತ್ತಿ ಅರಿವಿನ ಮೇಲೆ ಹಾಕಿದಂತಾಯಿತು.

ಇಷ್ಟೆಲ್ಲ ಸಂಸ್ಕೃತದ ನಡುವೆ ನಮ್ಮದೇ ಎರಡು ಪದ ಸುಮ್ಮನೆ ಕೂತಿವೆ. ಎಚ್ಚರ ಮತ್ತು ಅರಿವು. ನಿದ್ದೆಯಿಂದ ಎದ್ದರೆ ಎಚ್ಚರ. ಸುತ್ತ ಏನಾಗುತ್ತಿದೆ, ತಾನು ಯಾರು ಅಂತ ತಿಳಿದರೆ ಅರಿವು. ವಚನಕಾರರು ಅರಿವು–ಮರೆವು ಎಂದು ಜೋಡಿ ಮಾಡಿದರೇ ಹೊರತು ಅರಿವು–ನಿದ್ದೆ ಎಂದಲ್ಲ. ಕಣ್ಣು ಬಿಟ್ಟುಕೊಂಡೇ ಮರೆವಿನಲ್ಲಿರಬಹುದು ಎಂಬುದು ಅವರಿಗೆ ಗೊತ್ತಿತ್ತು. ಅಧ್ಯಾತ್ಮದಲ್ಲಿ ಇದ್ದ ಈ ವ್ಯತ್ಯಾಸ ಡಾಕ್ಟರುಗಳಿಗೆ ಹೊಸದಾಗಿ ಬೇಕಾಗಿ ಬಂದಿದ್ದು ಇಪ್ಪತ್ತನೇ ಶತಮಾನದಲ್ಲಿ.

*

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಒಬ್ಬ ರೋಗಿಯ ಕುತ್ತಿಗೆಯ ಗಡ್ಡೆಯ ಶಸ್ತ್ರಚಿಕಿತ್ಸೆಗೆ ನೆರವಾದ. ಅಲ್ಲಿಂದ ಮುಂದೆ ಪ್ರಜ್ಞೆ ಎನ್ನುವುದು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸುವ ವಸ್ತುವಾಯಿತು. ಇದಕ್ಕೆ ಕನ್ನಡದಲ್ಲಿ ಯಾರು ಮಾಡಿದರೋ, ಚಿನ್ನದಂಥ ಪದ ಮಾಡಿದ್ದಾರೆ: ಅರಿವಳಿಕೆ. ಅರಿವು ಅಳಿಯುವುದು. 'ಎಚ್ಚರವಳಿಕೆ' ಅನ್ನಲಿಲ್ಲ ನೋಡಿ.

ಆಮೇಲೆ ಇಪ್ಪತ್ತನೇ ಶತಮಾನದ ನಡುವಿಗೆ ವೆಂಟಿಲೇಟರುಗಳು ಬಂದವು. ಮೊದಲಾದರೆ ಮಿದುಳಿಗೆ ದೊಡ್ಡ ಪೆಟ್ಟು ಬಿದ್ದವರು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಈಗ ಉಳಿಯತೊಡಗಿದರು. ಆದರೆ ಹೇಗೆ ಉಳಿದರು? ಕೆಲವರು ಕಣ್ಣು ಮುಚ್ಚಿಯೇ ಇದ್ದರು. ಕೆಲವರು ಕೆಲವು ವಾರಗಳ ನಂತರ ಕಣ್ಣು ಬಿಟ್ಟರು, ರಾತ್ರಿ ಮುಚ್ಚಿದರು, ಬೆಳಿಗ್ಗೆ ಮತ್ತೆ ಬಿಟ್ಟರು, ಆಕಳಿಸಿದರು, ಆದರೆ ಕರೆದರೆ ತಿರುಗಲಿಲ್ಲ. ಇವರಿಗೆ ಪ್ರಜ್ಞೆ ಇದೆಯೋ ಇಲ್ಲವೋ? ಹಳೆಯ ಪದ ಉತ್ತರ ಕೊಡಲಿಲ್ಲ. ಫ್ರೆಡ್ ಪ್ಲಮ್ ಮತ್ತು ಜೆರೋಮ್ ಪೋಸ್ನರ್ 1966ರಲ್ಲಿ ಬರೆದ ಕೋಮಾದ ಪಠ್ಯಪುಸ್ತಕ ಪ್ರಜ್ಞೆಯನ್ನು ಎರಡು ಭಾಗ ಮಾಡಿತು: ಎಚ್ಚರದ ಮಟ್ಟ ಒಂದು, ಅದರೊಳಗಿನ ಅರಿವು ಇನ್ನೊಂದು. ಎಚ್ಚರವನ್ನು ಕಾಯುವುದು ಮುಖ್ಯವಾಗಿ ಮಿದುಳಿನ ಕಾಂಡ ಮತ್ತು ಅಲ್ಲಿಂದ ಮೇಲೆ ಹೋಗುವ ಜಾಲ. ಅರಿವಿಗೆ ಮೇಲಿನ ಮಿದುಳಿನ ಹೊದಿಕೆಯೂ ಬೇಕು. ಆಮ್ಲಜನಕ ನಿಂತಾಗ ಹೊದಿಕೆ ಮೊದಲು ಸಾಯುತ್ತದೆ, ಕಾಂಡ ಬದುಕಬಹುದು. ಆಗ ದೀಪ ಉರಿಯುತ್ತಿದೆ, ಮನೆಯಲ್ಲಿ ಯಾರೂ ಇಲ್ಲ ಎಂಬ ಸ್ಥಿತಿ. 1972ರಲ್ಲಿ ಬ್ರಯಾನ್ ಜೆನೆಟ್ ಮತ್ತು ಪ್ಲಮ್ ಇದಕ್ಕೆ 'ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್' ಎಂದು ಹೆಸರಿಟ್ಟರು. ನಮ್ಮ ಪೇಪರುಗಳು 'ಸಸ್ಯಸ್ಥಿತಿ' ಎಂದು ಬರೆದವು. ಮನುಷ್ಯರನ್ನು ತರಕಾರಿ ಅಂದಂತಾಗುತ್ತದೆ ಎಂದು 2010ರಲ್ಲಿ ಯೂರೋಪಿನ ವೈದ್ಯರ ಗುಂಪೊಂದು 'ಸ್ಪಂದನೆಯಿಲ್ಲದ ಎಚ್ಚರ' ಎಂಬ ಅರ್ಥದ ಹೊಸ ಹೆಸರು ಸೂಚಿಸಿತು.

1974ರಲ್ಲಿ ಇದೇ ಜೆನೆಟ್ ಮತ್ತು ಗ್ರಹಾಂ ಟೀಸ್‌ಡೇಲ್ ಗ್ಲಾಸ್ಗೋ ಮಾಪಕ ಮಾಡಿದರು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಎಂದು ನೋಡಿ ಅಂಕ ಕೊಡುವುದು. ಈಗಿನ ರೂಪದಲ್ಲಿ ಕನಿಷ್ಠ 3, ಗರಿಷ್ಠ 15. ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ. ಒಳ್ಳೆಯ ಸಾಧನ, ಆದರೆ ಅದು ಅಳೆಯುವುದು ಏನನ್ನು ಅಂತ ಯೋಚಿಸಿ. ಅರಿವನ್ನಲ್ಲ, ಸನ್ನೆಯನ್ನು. ಸಂಜ್ಞೆ ಇದೆಯೇ ಎಂದು ತಿಳಿಯಲು ಸನ್ನೆ ಬರುತ್ತದೆಯೇ ಎಂದು ನೋಡುವುದು. ಬೇರೆ ದಾರಿಯೂ ಇರಲಿಲ್ಲ.

ನಮ್ಮ ಮನೆಯಲ್ಲೇ ಆದದ್ದು. ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ಐಸಿಯುನಲ್ಲಿದ್ದರು. ಐದನೇ ದಿನ ಒಬ್ಬರು ಡ್ಯೂಟಿ ಡಾಕ್ಟರ್ ಹೊರಗೆ ಬಂದು "ಕಾನ್ಷಿಯಸ್ ಆಗಿದ್ದಾರೆ" ಅಂದು ಮುಂದಿನ ಬೆಡ್ಡಿನ ಕಡೆ ಹೊರಟರು. ದೊಡ್ಡಮ್ಮನಿಗೆ ಅದು 'ಪ್ರಜ್ಞೆ ಬಂತು' ಅಂತ ಕೇಳಿಸಿತು. ಊರಿಗೆಲ್ಲ ಫೋನಾಯಿತು. ಒಳಗೆ ಹೋಗಿ ನೋಡಿದರೆ ಕಣ್ಣು ಬಿಟ್ಟಿದ್ದರು, ಅಷ್ಟೇ. ಕಣ್ಣು ದೊಡ್ಡಮ್ಮನ ಮೇಲೆ ನಿಲ್ಲಲಿಲ್ಲ. ಡಾಕ್ಟರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅವರ ಪದದ ಅರ್ಥ 'ಎಚ್ಚರ ಇದೆ' ಎಂದಿತ್ತು. ದೊಡ್ಡಮ್ಮ ಕಾಯುತ್ತಿದ್ದದ್ದು ಅರಿವಿಗೆ. ಮುಂದಿನ ಹನ್ನೊಂದು ದಿನ ಅವರು "ಮೊನ್ನೆ ಬಂದಿತ್ತಲ್ಲ, ಮತ್ತೆ ಯಾಕೆ ಹೋಯಿತು" ಅಂತಲೇ ಕೇಳುತ್ತಿದ್ದರು.

*

ಈ ವ್ಯತ್ಯಾಸ ಇಡೀ ದೇಶದ ಮುಂದೆ ಬಂದದ್ದು ಒಬ್ಬ ಕನ್ನಡ ನಾಡಿನ ಹೆಣ್ಣುಮಗಳಿಂದ. ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದಿಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ನಿಂತುಹೋಗಿತ್ತು. ಆಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನರ್ಸ್‌ಗಳ ತಲೆಮಾರುಗಳೇ ಬದಲಾದವು, ಸರದಿಯ ಮೇಲೆ ಅವರನ್ನು ನೋಡಿಕೊಂಡರು.

ಪತ್ರಕರ್ತೆ ಪಿಂಕಿ ವಿರಾನಿ, ಆಹಾರ ಕೊಡುವುದನ್ನು ನಿಲ್ಲಿಸಿ ಅರುಣಾ ಅವರನ್ನು ಶಾಂತಿಯಿಂದ ಸಾಯಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ಸಿಬ್ಬಂದಿ ಬೇಡವೆಂದರು. ಮೀನಿನ ಸೂಪು ಕೊಟ್ಟರೆ ಇಷ್ಟಪಡುತ್ತಾರೆ, ಕೋಣೆಯಲ್ಲಿ ಜನ ಹೆಚ್ಚಾದರೆ ಗಲಿಬಿಲಿಗೊಳ್ಳುತ್ತಾರೆ, ಮೆಲ್ಲನೆ ಸವರಿದರೆ ಶಾಂತರಾಗುತ್ತಾರೆ ಎಂಬ ವಿವರಗಳು ಕೋರ್ಟಿನ ಮುಂದೆ ಬಂದವು. ಕೋರ್ಟು ಮೂವರು ವೈದ್ಯರನ್ನು ಕಳಿಸಿತು. ಅವರ ವರದಿಯ ತಿರುಳು: ಅರುಣಾ ಕಣ್ಣು ಬಿಟ್ಟಿದ್ದಾರೆ, ಕಾನ್ಷಿಯಸ್ ಆಗಿದ್ದಾರೆ, ಆದರೆ ಸುತ್ತಲಿನ ಅರಿವು ಇರುವಂತೆ ತೋರುತ್ತಿಲ್ಲ, ವೆಜಿಟೇಟಿವ್ ಸ್ಥಿತಿಯ ಬಹುಪಾಲು ಲಕ್ಷಣಗಳು ಇವೆ.

ಆ ವಿವರವನ್ನು ಇನ್ನೊಮ್ಮೆ ಓದಿ. ಕಾನ್ಷಿಯಸ್ ಆಗಿದ್ದಾರೆ, ಅರಿವಿಲ್ಲ. ಇದನ್ನು "ಪ್ರಜ್ಞೆ ಇದೆ, ಪ್ರಜ್ಞೆ ಇಲ್ಲ" ಎಂದು ಅನುವಾದ ಮಾಡಿದರೆ ಅರ್ಥಹೀನ. "ಎಚ್ಚರ ಇದೆ, ಅರಿವಿಲ್ಲ" ಎಂದರೆ ಎಸ್ಸೆಸ್ಸೆಲ್ಸಿ ಹುಡುಗನಿಗೂ ತಿಳಿಯುತ್ತದೆ. 

2011ರ ಮಾರ್ಚ್ 7ರಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ದಿನಾ ನೋಡಿಕೊಳ್ಳುವ ಆಸ್ಪತ್ರೆಯವರೇ ಅವರ ಆಪ್ತರು, ಅವರ ಮಾತೇ ನಡೆಯಬೇಕು ಎಂದಿತು. ಅದೇ ತೀರ್ಪಿನಲ್ಲಿ, ಇಂಥ ಸ್ಥಿತಿಯ ಬೇರೆ ರೋಗಿಗಳಿಗೆ ಹೈಕೋರ್ಟಿನ ಒಪ್ಪಿಗೆಯೊಂದಿಗೆ ಜೀವಾಧಾರ ಹಿಂತೆಗೆಯಲು ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಮೀನಿನ ಸೂಪಿನ ರುಚಿ ಅವರಿಗೆ 'ತಿಳಿಯುತ್ತಿತ್ತೇ', ಅಥವಾ ನಾಲಿಗೆ ಮಾತ್ರ ಒಪ್ಪುತ್ತಿತ್ತೇ? ನರ್ಸ್‌ಗಳು ಸನ್ನೆ ಎಂದು ಓದಿದ್ದನ್ನು ವೈದ್ಯರು ಹೆಚ್ಚಿನಂಶ ಪ್ರತಿವರ್ತನೆ ಎಂದು ಓದಿದರು.

ಸನ್ನೆ ಇಲ್ಲ ಎಂದಮಾತ್ರಕ್ಕೆ ಅರಿವಿಲ್ಲ ಎನ್ನಬಹುದೇ ಎಂಬುದೂ ಅಷ್ಟರಲ್ಲಿ ಅಲುಗಾಡಿತ್ತು. 2006ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಏಡ್ರಿಯನ್ ಓವನ್ ತಂಡ, ಅಪಘಾತದ ನಂತರ ವೆಜಿಟೇಟಿವ್ ಸ್ಥಿತಿಯಲ್ಲಿದ್ದಾಳೆ ಎಂದು ತೀರ್ಮಾನಿಸಿದ್ದ 23 ವರ್ಷದ ಮಹಿಳೆಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ "ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೋ" ಎಂದಿತು. ಮಿದುಳಿನಲ್ಲಿ ಚಲನೆಯನ್ನು ಯೋಜಿಸುವ ಭಾಗ ಬೆಳಗಿತು. "ನಿನ್ನ ಮನೆಯ ಕೋಣೆಗಳಲ್ಲಿ ಓಡಾಡು" ಎಂದಾಗ ಜಾಗಗಳನ್ನು ನೆನಪಿಸುವ ಭಾಗ ಬೆಳಗಿತು. ಆರೋಗ್ಯವಂತರ ಮಿದುಳಿನಂತೆಯೇ! 2024ರಲ್ಲಿ ಬಂದ, ಹಲವು ಕೇಂದ್ರಗಳ ಅಧ್ಯಯನದಲ್ಲಿ ಹೇಳಿದ್ದಕ್ಕೆ ಹೊರಗೆ ಯಾವ ಸ್ಪಂದನೆಯನ್ನೂ ತೋರದ 241 ಜನರಲ್ಲಿ 60 ಜನರ ಮಿದುಳು ಹೀಗೆ ಸೂಚನೆ ಪಾಲಿಸುತ್ತಿತ್ತು. ನಾಲ್ವರಲ್ಲಿ ಒಬ್ಬರು. ಅಂದರೆ ಹಾಸಿಗೆಯ ಪಕ್ಕ ನಿಂತು "ಇವರಿಗೆ ಏನೂ ಗೊತ್ತಾಗಲ್ಲ ಬಿಡಿ" ಎಂದು ಆಸ್ತಿ ವಿಚಾರ ಮಾತಾಡುವವರು ಸ್ವಲ್ಪ ಹುಷಾರಾಗಿರಬೇಕು.

ಇನ್ನು ನಮ್ಮ ಫೀಲ್ಡಿನ ಪ್ರಶ್ನೆ: ಯಂತ್ರಕ್ಕೆ ಪ್ರಜ್ಞೆ ಬರುತ್ತದಾ? 2022ರಲ್ಲಿ ಗೂಗಲ್ಲಿನ ಒಬ್ಬ ಎಂಜಿನಿಯರ್ ಅವರ ಚಾಟ್ ಪ್ರೋಗ್ರಾಂ ಲಾಮ್ಡಾಗೆ ಅನುಭವಿಸುವ ಶಕ್ತಿ ಇದೆ ಎಂದು ಹೇಳಿ ದೊಡ್ಡ ಸುದ್ದಿಯಾಯಿತು, ಕಂಪನಿ ಒಪ್ಪಲಿಲ್ಲ. ಯಂತ್ರದಲ್ಲಿ ಸಮಸ್ಯೆ ತಿರುಗುಮುರುಗು. ಐಸಿಯುನಲ್ಲಿ ಸನ್ನೆ ಇಲ್ಲದೆಯೂ ಅರಿವು ಇರಬಹುದು, ಇಲ್ಲಿ ಸನ್ನೆ ಬೇಕಾದಷ್ಟಿದೆ, ಒಳಗೆ ಅರಿವು ಇದೆಯೇ ಎಂಬುದೇ ಪ್ರಶ್ನೆ. ಮಿದುಳಿನ ಚಟುವಟಿಕೆಯಿಂದ ಅನುಭವ ಹೇಗೆ ಹುಟ್ಟುತ್ತದೆ ಎಂಬುದು 25 ವರ್ಷದೊಳಗೆ ಸ್ಪಷ್ಟವಾಗುತ್ತದೆ ಎಂದು ವಿಜ್ಞಾನಿ ಕ್ರಿಸ್ಟೋಫ್ ಕಾಖ್ 1998ರಲ್ಲಿ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು.

*

ಇದೆಲ್ಲ ಪದ ಪಂಡಿತರ ಜಗಳ, ನಮಗೇಕೆ ಅನ್ನಬೇಡಿ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. ಮುಂದೊಂದು ದಿನ ನನ್ನ ಪರವಾಗಿ ನಾನೇ ಮಾತಾಡಲಾಗದ ಸ್ಥಿತಿ ಬಂದರೆ ಏನು ಮಾಡಬೇಕು ಎಂದು ಈಗಲೇ ಬರೆದಿಡಬಹುದು ಎಂದಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು.

ಹಾಗಾಗಿ ನನ್ನ ಅಪ್ಪ ಅಮ್ಮ, ನಿಮ್ಮ ಅಪ್ಪ ಅಮ್ಮ, ಇಂಥದ್ದೊಂದು ಕಾಗದವನ್ನು ಕನ್ನಡದಲ್ಲೇ ಬರೆಯುವ ಕಾಲ ಬಂದಿದೆ. ಅದರಲ್ಲಿ "ನನಗೆ ಪ್ರಜ್ಞೆ ಇಲ್ಲದಿದ್ದಾಗ" ಎಂದಷ್ಟೇ ಬರೆದರೆ? ಕಣ್ಣು ಮುಚ್ಚಿದ್ದಾಗಲೋ, ಕಣ್ಣು ಬಿಟ್ಟು ಯಾರನ್ನೂ ಗುರುತಿಸದಿದ್ದಾಗಲೋ, ಗುರುತಿಸಿದರೂ ಸನ್ನೆ ಮಾಡಲು ಆಗದಿದ್ದಾಗಲೋ? ಮೂರೂ ಬೇರೆ ಬೇರೆ. ಓದುವ ಡಾಕ್ಟರು ಒಂದು ತಿಳಿಯುತ್ತಾರೆ, ಮಗ ಒಂದು ತಿಳಿಯುತ್ತಾನೆ, ಬರೆದವರು ಹೇಳಲು ಆಗ ಬಾಯಿ ಇರುವುದಿಲ್ಲ. ಎಚ್ಚರ, ಅರಿವು, ಸನ್ನೆ ಎಂದು ಬಿಡಿಸಿ ಬರೆದರೆ ಈ ಗೊಂದಲ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ನೂರಾರು ವರ್ಷ ತಿಣುಕಿದ್ದಾರೆ, ನಮಗೆ ಪದಗಳು ಮನೆಯಲ್ಲೇ ಇವೆ. ವಿಮರ್ಶಕರಿಗೆ ಪ್ರಜ್ಞೆ ಇರಲಿ, ಚಾಲಕನಿಗೆ ಸಮಯಪ್ರಜ್ಞೆ ಇರಲಿ, ಆಸ್ಪತ್ರೆಯಲ್ಲಿ ಮಾತ್ರ ದಯವಿಟ್ಟು ಎಚ್ಚರ ಮತ್ತು ಅರಿವನ್ನು ಬೇರೆ ಬೇರೆ ಇಡೋಣ. ಡಾಕ್ಟರು "ಕಾನ್ಷಿಯಸ್" ಅಂದರೆ "ಎಚ್ಚರ ಇದೆಯಾ, ಅರಿವು ಇದೆಯಾ, ಯಾವುದು ಸಾರ್?" ಎಂದು ಕೇಳಿ. ಖಂಡಿತ ಉತ್ತರ ಕೊಡುತ್ತಾರೆ, ಅವರಿಗೂ ಈ ವ್ಯತ್ಯಾಸ ಗೊತ್ತು.

ಕರಾವಳಿಯವರು 'ಬೋಧ ತಪ್ಪಿತು' ಅನ್ನುತ್ತಾರೆ, ಉತ್ತರ ಕರ್ನಾಟಕದ ಗೆಳೆಯರು 'ಖಬರ ಇಲ್ಲ' ಅನ್ನುತ್ತಾರೆ, ನಮ್ಮ ಕಡೆ 'ಗ್ಯಾನ ತಪ್ಪೋಯ್ತು'. ಇವುಗಳಲ್ಲಿ ಯಾವುದು ಎಚ್ಚರದ ಕಡೆ ವಾಲುತ್ತದೆ, ಯಾವುದು ಅರಿವಿನ ಕಡೆ ಅಂತ ಯೋಚಿಸುತ್ತಿದ್ದೇನೆ. ನಿಮ್ಮೂರಿನಲ್ಲಿ ಏನನ್ನುತ್ತಾರೆ, ಯಾವಾಗ ಅನ್ನುತ್ತಾರೆ? ಅಜ್ಜಿಯನ್ನು ಕೇಳಿ ತಿಳಿಸಿ.